ಒಂಟಿಕಾಲಿನ ನಿಲುವು

ಎರಡು ಕಾಲುಗಳ ಮೇಲೆ ನೆಟ್ಟಗೆ ನಿಲ್ಲುವುದನ್ನು ನಾವು ಒಂದು ವಿದ್ಯೆಯೆಂದೇ ಎಣಿಸುವುದಿಲ್ಲ. ಅಂಬೆಗಾಲಿಕ್ಕುತ್ತಿದ್ದಾಗ ಎಷ್ಟು ಸಲ ಬಿದ್ದೆದ್ದು ಅದನ್ನು ಕಲಿತೆವೆಂಬುದು ನಮಗೆ ಮರೆತಿರುತ್ತದೆ. ವೃಕ್ಷಾಸನದಲ್ಲಿ ನಿಂತು ನೋಡಿದಾಗ ಆ ವಿದ್ಯೆಯ ಸೂಕ್ಷ್ಮತೆ ಅರಿವಿಗೆ ಬರುತ್ತದೆ.

ಎಡಗಾಲನ್ನು ನೆಲಕ್ಕೆ ಊರಿ, ಬಲಗಾಲನ್ನು ಮಡಿಸಿ, ಅದರ ಅಂಗಾಲನ್ನು ಎಡತೊಡೆಯ ಒಳಬದಿಗೆ ಒತ್ತಿಡಬೇಕು. ಮೊಣಕಾಲ ಕೀಲಿನ ಮೇಲೆ ಒತ್ತಬಾರದು. ಬಳಿಕ ಕೈಗಳನ್ನು ತಲೆಯ ಮೇಲೆತ್ತಿ ಜೋಡಿಸಿ, ದೃಷ್ಟಿಯನ್ನು ಎದುರಿನ ಒಂದು ಬಿಂದುವಿನಲ್ಲಿ ನಿಲ್ಲಿಸಬೇಕು. ಈಗ ಊರಿದ ಪಾದವನ್ನು ಗಮನಿಸಿರಿ. ಅದು ಕ್ಷಣಕ್ಷಣಕ್ಕೂ ಒಳಕ್ಕೂ ಹೊರಕ್ಕೂ ಓಲುತ್ತಿರುತ್ತದೆ. ಇದು ದೋಷವಲ್ಲ. ಬೀಳದಂತೆ ದೇಹವು ತನ್ನನ್ನು ತಾನೇ ತಿದ್ದಿಕೊಳ್ಳುವ ಬಗೆಯಿದು. ಮರವೂ ಗಾಳಿಗೆ ಓಲುವುದಷ್ಟೆ!

ಇದಕ್ಕೆ ಬೇಕಾದ ಸುದ್ದಿ ಮೆದುಳಿಗೆ ಮೂರು ಕಡೆಗಳಿಂದ ಬರುತ್ತದೆ. ಕಣ್ಣು ಸುತ್ತಲಿನ ನೆಲೆಯನ್ನು ತಿಳಿಸುತ್ತದೆ. ಒಳಗಿವಿಯ ಅರ್ಧವೃತ್ತಾಕಾರದ ನಾಳಗಳಲ್ಲಿರುವ ದ್ರವದ ಚಲನೆಯಿಂದ ತಲೆ ಹೊರಳಿದುದು ತಿಳಿಯುತ್ತದೆ. ಸ್ನಾಯು, ಕೀಲು ಹಾಗೂ ಅಂಗಾಲಿನ ಚರ್ಮದಲ್ಲಿರುವ ನರತುದಿಗಳು ದೇಹದ ಭಾರ ಎತ್ತ ವಾಲಿತೆಂಬುದನ್ನು ಅರುಹುತ್ತವೆ. ಗೋಡೆಯ ಬಳಿ ನಿಂತು ಒಮ್ಮೆ ಕಣ್ಣು ಮುಚ್ಚಿರಿ. ಒಂದು ದಾರಿ ಮುಚ್ಚಿದೊಡನೆ ಓಲಾಟ ಹೆಚ್ಚುತ್ತದೆ. ನಿತ್ಯದ ಅಭ್ಯಾಸದಿಂದ ಹರಡಿನ ಸುತ್ತಣ ಸ್ನಾಯುಗಳು ಬಲಗೊಳ್ಳುತ್ತವೆ. ಸುದ್ದಿಗೆ ದೇಹ ಓಗೊಡುವುದೂ ಚುರುಕಾಗುತ್ತದೆ.

ಎಳೆಯರಿಗೆ ಇದೊಂದು ಆಟ, ಮುಪ್ಪಿನವರಿಗೆ ಹಾಗಲ್ಲ. ವಯಸ್ಸಾದಂತೆ ಈ ಮೂರು ದಾರಿಗಳೂ ಮಸುಕಾಗುತ್ತವೆ. ಬಚ್ಚಲಿನಲ್ಲಿ ಜಾರಿ ತೊಡೆಯೆಲುಬು ಮುರಿದುಕೊಂಡ ಎಷ್ಟೋ ಅಜ್ಜಿಯರು ಮತ್ತೆ ಮೊದಲಿನಂತೆ ನಡೆಯುವುದಿಲ್ಲ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಮಂದಿ ಬಿದ್ದು ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತಿಳಿಸಿತು. ಆ ಸಾವಿನ ಪ್ರಮಾಣ 60 ವರ್ಷ ದಾಟಿದವರಲ್ಲಿಯೇ ಅತ್ಯಧಿಕ.

ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿದ ಬಿ. ಕೆ. ಎಸ್. ಅಯ್ಯಂಗಾರ್ಯರು ಬಾಲ್ಯದಲ್ಲಿ ರೋಗಪೀಡಿತರಾಗಿದ್ದವರು. ಮೈಸೂರಿನಲ್ಲಿ ತಿರುಮಲೈ ಕೃಷ್ಣಮಾಚಾರ್ಯರಿಂದ ಯೋಗ ಕಲಿತು, ಮುಂದೆ ಪುಣೆಯಲ್ಲಿ ನೆಲೆಸಿದರು. ಗೋಡೆ, ಕುರ್ಚಿ, ಹಗ್ಗಗಳ ಆಸರೆಯಿಂದ ಅಶಕ್ತರೂ ಆಸನ ಮಾಡುವ ಕ್ರಮವನ್ನು ಅವರು ರೂಢಿಗೆ ತಂದರು. ತಲೆಸುತ್ತು ಇರುವವರು ವೈದ್ಯರನ್ನು ಕೇಳಿಯೇ ತೊಡಗಬೇಕು. ಉಳಿದ ಹಿರಿಯರು ಗೋಡೆಗೆ ಕೈಯಿಟ್ಟು, ಹಿಮ್ಮಡಿಯನ್ನಷ್ಟೇ ಮೇಲೆತ್ತಿ ಆರಂಭಿಸಬಹುದು. ಪಕ್ಕದಲ್ಲಿ ಮೊಮ್ಮಕ್ಕಳೊಬ್ಬರು ನಿಂತಿದ್ದರೆ ಒಳಿತು. ಮೊದಲು ಅಂಗೈ ಪೂರ್ತಿ ಗೋಡೆಗೆ ಒತ್ತಿರುತ್ತದೆ. ದಿನಗಳು ಕಳೆದಂತೆ ಬೆರಳ ತುದಿಯೇ ಸಾಕಾಗುತ್ತದೆ.