ಹಸುವಿಗೆ ಖನಿಜ ಮಿಶ್ರಣ, ಮನೆಯವರಿಗೆ ಏನು?



ಹಸು ಮೇವು ಬಿಟ್ಟು ಮಂಕಾಗಿ ನಿಂತರೆ ನಾವು ಕೂಡಲೇ ಎಚ್ಚರವಾಗುತ್ತೇವೆ. ಹಿಂಡಿ ಬದಲಾಯಿತೇ, ನೀರು ಸಾಲದೇ, ಖನಿಜ ಮಿಶ್ರಣ ಹಾಕಿ ಎಷ್ಟು ದಿನವಾಯಿತು ಎಂದು ವಿಚಾರಿಸುತ್ತೇವೆ. ಆದರೆ ಮನೆಯ ಹಿರಿಯರಿಗೆ ಮರೆವು ಹೆಚ್ಚಿದರೆ ವಯಸ್ಸಾಯಿತು ಎನ್ನುತ್ತೇವೆ. ಮನೆಯಾಕೆ ಸಿಡುಕಿದರೆ ಸ್ವಭಾವವೇ ಹಾಗೆ, ಮಗು ಪಾಠ ಮರೆತರೆ ದಡ್ಡ ಎಂದುಬಿಡುತ್ತೇವೆ. ಇವರ ತಟ್ಟೆಯಲ್ಲಿ ಏನಿದೆ ಎಂದು ನೋಡುವವರು ಕಡಿಮೆ.

ಮಿದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ ಸುಮಾರು 2 ಭಾಗ ಮಾತ್ರ. ಆದರೆ ವಿಶ್ರಾಂತಿಯಲ್ಲಿರುವಾಗ ದೇಹ ಬಳಸುವ ಶಕ್ತಿಯಲ್ಲಿ ನೂರಕ್ಕೆ ಸುಮಾರು 20 ಭಾಗ ಅದಕ್ಕೇ ಬೇಕು. ಆದುದರಿಂದ ಊಟದ ಕೊರತೆ ಮೈಯನ್ನು ಮಾತ್ರವಲ್ಲ, ಮನಸ್ಸನ್ನೂ ತಟ್ಟುತ್ತದೆ.

ಹಾಲಿನಲ್ಲಿರುವ ಬಿ-12

ಖನಿಜ ಮಿಶ್ರಣದಲ್ಲಿ ಕೋಬಾಲ್ಟ್ ಎಂಬ ಲವಣಾಂಶ ಅತ್ಯಲ್ಪ ಪ್ರಮಾಣದಲ್ಲಿರುತ್ತದೆ. ಹಸುವಿನ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಬಳಸಿಕೊಂಡು ಬಿ-12 ಎಂಬ ಜೀವಸತ್ವವನ್ನು ತಯಾರಿಸುತ್ತವೆ. ಅದು ಹಾಲಿಗೆ ಇಳಿಯುತ್ತದೆ. ನಮ್ಮ ನರಗಳ ಆರೋಗ್ಯಕ್ಕೂ ರಕ್ತದ ಉತ್ಪತ್ತಿಗೂ ಇದು ಅವಶ್ಯಕ. ರಾಗಿ, ಅಕ್ಕಿ, ಜೋಳ, ಬೇಳೆ, ತರಕಾರಿಗಳಿಂದ ಇದು ಸಿಗುವುದಿಲ್ಲ. ಮೊಟ್ಟೆ, ಮೀನು, ಮಾಂಸ ತಿನ್ನದ ಕುಟುಂಬಕ್ಕೆ ಹಾಲು, ಮೊಸರು, ಮಜ್ಜಿಗೆಯೇ ಆಧಾರ.

ವಯಸ್ಕರಿಗೆ ದಿನಕ್ಕೆ ಬೇಕಾದ ಬಿ-12 ಸುಮಾರು 2.2 ಮೈಕ್ರೋಗ್ರಾಂ. ಕಾಲು ಲೀಟರ್ ಹಾಲಿನಲ್ಲಿ ಸುಮಾರು 1 ಮೈಕ್ರೋಗ್ರಾಂ ಇರುತ್ತದೆ. ಚಹಾಕ್ಕೆ ಹಾಕುವ ಎರಡು ಚಮಚ ಹಾಲಿನಿಂದ ಏನೂ ಆಗದು. ತುಪ್ಪದಿಂದಲೂ ಇದು ದೊರೆಯದು. ಬೆಣ್ಣೆ ತೆಗೆದ ಮಜ್ಜಿಗೆಯಲ್ಲಿ ಉಳಿದಿರುತ್ತದೆ. ಹಾಲನ್ನು ಉಕ್ಕು ಬಂದ ಮೇಲೂ ಬಹಳ ಹೊತ್ತು ಕುದಿಸಿದರೆ ಸತ್ವ ಕಡಿಮೆಯಾಗುತ್ತದೆ.

ಈ ಕೊರತೆ ಒಂದೆರಡು ದಿನದಲ್ಲಿ ಕಾಣಿಸುವುದಿಲ್ಲ, ವರ್ಷಗಳೇ ಹಿಡಿಯಬಹುದು. ಅಂಗಾಲು ಜೋಮು ಹಿಡಿಯುವುದು, ನಡೆಯುವಾಗ ತೂರಾಡುವುದು, ಸುಸ್ತು, ಮರೆವು, ಸದಾ ಬೇಸರ ಇವು ಅದರ ಲಕ್ಷಣಗಳು. ಎಲ್ಲ ಮರೆವಿಗೂ ಇದೇ ಕಾರಣವಲ್ಲ. ಆದರೆ ಇದು ಕಾರಣವಾಗಿದ್ದರೆ ರಕ್ತಪರೀಕ್ಷೆಯಿಂದ ತಿಳಿಯುತ್ತದೆ, ಮಾತ್ರೆ ಅಥವಾ ಇಂಜೆಕ್ಷನ್ನಿನಿಂದ ವಾಸಿ ಮಾಡಬಹುದು. ತಡ ಮಾಡಿದರೆ ನರಗಳಿಗೆ ಆದ ಹಾನಿ ಪೂರ್ತಿ ಸರಿಹೋಗದೆ ಉಳಿಯಬಹುದು.

ಕಬ್ಬಿಣಾಂಶದ ಮಾತು

ಹಾಲೊಂದೇ ಸಾಲದು. ಹಾಲಿನಲ್ಲಿ ಕಬ್ಬಿಣಾಂಶ ಬಹಳ ಕಡಿಮೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ರಕ್ತ ಕಡಿಮೆಯಾದರೆ ಮಿದುಳಿಗೆ ತಲುಪುವ ಆಮ್ಲಜನಕವೂ ಕಡಿಮೆಯಾಗುತ್ತದೆ. ಏಕಾಗ್ರತೆ ತಪ್ಪುತ್ತದೆ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ. ಕೊಟ್ಟಿಗೆ ಗುಡಿಸಿ, ಹಾಲು ಕರೆದು, ಎಲ್ಲರಿಗೂ ಬಡಿಸಿ, ಉಳಿದುದನ್ನು ಕಡೆಗೆ ಉಣ್ಣುವ ತಾಯಂದಿರು ಇದನ್ನು ಗಮನಿಸಬೇಕು. ಅವರಿಗಿಂತ ಹೆಚ್ಚಾಗಿ ಮನೆಯ ಗಂಡಸರು ಗಮನಿಸಬೇಕು.

ನುಗ್ಗೆ ಸೊಪ್ಪು, ದಂಟು, ಹುರುಳಿ, ರಾಗಿ ನಮ್ಮಲ್ಲೇ ಬೆಳೆಯುವಂಥವು. ಇವುಗಳ ಜೊತೆ ನಿಂಬೆರಸ ಅಥವಾ ನೆಲ್ಲಿಕಾಯಿ ಇದ್ದರೆ ಕಬ್ಬಿಣಾಂಶ ಚೆನ್ನಾಗಿ ಮೈಗೂಡುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಅದರ ಒಗರು ಅಂಶ ಕಬ್ಬಿಣವನ್ನು ತಡೆಯುತ್ತದೆ. ಊಟಕ್ಕೂ ಚಹಾಕ್ಕೂ ಒಂದು ಗಂಟೆಯಾದರೂ ಅಂತರವಿರಲಿ.

ಕ್ಯಾನಿಗೆ ಸುರಿಯುವ ಮೊದಲು

ಕರ್ನಾಟಕ ಸರ್ಕಾರ 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಯೋಜನೆಯನ್ನು ಆರಂಭಿಸಿ ಶಾಲಾ ಮಕ್ಕಳಿಗೆ 150 ಮಿ.ಲೀ. ಹಾಲು ಕೊಡಲು ತೊಡಗಿತು. ನಾವು ಹಾಕಿದ ಹಾಲು ಹೀಗೆ ಊರೂರ ಮಕ್ಕಳನ್ನು ತಲುಪುವುದು ಹೆಮ್ಮೆಯ ವಿಷಯ. ಆದರೆ ಕರೆದ ಹಾಲನ್ನೆಲ್ಲ ಡೇರಿಗೆ ಹಾಕಿ, ಸ್ವಂತ ಮಕ್ಕಳಿಗೆ ಕರಿ ಚಹಾ ಕೊಡುವುದು ಲಾಭದ ಲೆಕ್ಕವಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯ ಮಾದರಿ ಊಟದಲ್ಲಿ ದಿನಕ್ಕೆ 300 ಮಿ.ಲೀ. ಹಾಲು ಅಥವಾ ಮೊಸರು ಸೇರಿದೆ. ನಾಲ್ಕು ಜನರ ಮನೆಗೆ ಒಂದೂಕಾಲು ಲೀಟರಿಗೂ ಕಡಿಮೆ. ಬಟವಾಡೆಯಲ್ಲಿ ಅಷ್ಟು ಹಣ ಕಡಿಮೆಯಾಗುವುದು ನಿಜ. ಪೂರ್ತಿ ಆಗದಿದ್ದರೆ ಅರ್ಧ ಲೀಟರಿನಿಂದ ಪ್ರಾರಂಭಿಸಿ. ಮೊಸರು ಮಾಡಿ ಎಲ್ಲರಿಗೂ ಹಂಚಿ.

ನೆನಪಿಡಿ

1. ಮನೆಗೆ ಬೇಕಾದ ಹಾಲನ್ನು ಮೊದಲು ತೆಗೆದಿಟ್ಟು, ಉಳಿದುದನ್ನು ಸಂಘಕ್ಕೆ ಹಾಕಿ.

2. ನಸುಕಿನಲ್ಲಿ ಎದ್ದವರು ಹತ್ತು ಗಂಟೆಯವರೆಗೆ ಬರೀ ಚಹಾದಲ್ಲಿ ಕಳೆಯಬೇಡಿ. ರಾಗಿ ಅಂಬಲಿ, ಮಜ್ಜಿಗೆ ಕುಡಿಯಿರಿ.

3. ಮಕ್ಕಳು ಬರಿಹೊಟ್ಟೆಯಲ್ಲಿ ಶಾಲೆಗೆ ಹೋಗದಂತೆ ನೋಡಿಕೊಳ್ಳಿ.

4. ಅಯೋಡಿನ್ ಬೆರೆಸಿದ ಉಪ್ಪನ್ನೇ ಬಳಸಿ. ಗರ್ಭಿಣಿಯರಿಗೂ ಬೆಳೆಯುವ ಮಕ್ಕಳ ಬುದ್ಧಿಗೂ ಅದು ಅಗತ್ಯ.

5. ಎರಡು ವಾರ ಕಳೆದರೂ ಬೇಸರ, ನಿದ್ರಾಹೀನತೆ ಹೋಗದಿದ್ದರೆ ಊಟವನ್ನೇ ನಂಬಿ ಕೂರದೆ ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಹಸುವನ್ನು ಚೆನ್ನಾಗಿ ನೋಡಿಕೊಂಡರೆ ಹಾಲು ಹೆಚ್ಚುತ್ತದೆ ಎಂಬುದು ನಮಗೆಲ್ಲ ತಿಳಿದದ್ದೇ. ಹಸುವನ್ನು ನೋಡಿಕೊಳ್ಳುವವರ ಮೈಮನಸ್ಸು ಚೆನ್ನಾಗಿದ್ದರೆ ಮಾತ್ರ ಅದು ಸಾಧ್ಯ.