ಗೇಟಿಗೆ ಕನ್ನಡಿ ಹೊಳಪು ಬೇಕೇ?

ಮಿರಜದ ನಿಮ್ಮ ಹೊಸ ಮನೆಯ ಸ್ಟೀಲ್ ಗೇಟಿಗೆ ಕನ್ನಡಿಯಂಥ ಪಾಲಿಶ್ ಬೇಡ, ಹೇರ್‌ಲೈನ್ ಮ್ಯಾಟ್ ಫಿನಿಶ್ ಮಾಡಿಸಿ. ನುಣುಪು ಹೆಚ್ಚಿದಷ್ಟೂ ತುಕ್ಕು ದೂರ ಎಂದು ಫ್ಯಾಬ್ರಿಕೇಟರ್ ಹೇಳಿದ್ದು ಸುಳ್ಳಲ್ಲ. ಒರಟು ಗೆರೆಗಳಲ್ಲಿ ಕೊಳೆ, ಉಪ್ಪು ಕೂತು ಕಲೆ ಹಿಡಿಯುತ್ತದೆ. ಕಡಲತೀರದಲ್ಲಾದರೆ ಆ ಮಾತಿಗೆ ತೂಕ ಹೆಚ್ಚು. ಮಿರಜದಲ್ಲಿ ಉಪ್ಪುಗಾಳಿ ಎಲ್ಲಿಯದು? ಇರುವುದು ಧೂಳು, ಜೊತೆಗೆ 2019ರ ಆಗಸ್ಟಿನಂತೆ ಕೃಷ್ಣೆ ಉಕ್ಕಿದರೆ ತಗ್ಗಿನ ಓಣಿಗಳಿಗೆ ನುಗ್ಗುವ ರಾಡಿ. ಒಣಗಿದ ರಾಡಿಯನ್ನು ತಿಕ್ಕಿದಾಗ ಕನ್ನಡಿ ಪಾಲಿಶಿನ ಮೇಲೆ ಬೀಳುವ ಗೀರು ಬಫಿಂಗ್ ಯಂತ್ರವಿಲ್ಲದೆ ಹೋಗದು. ಹೇರ್‌ಲೈನ್ ಆದರೆ ಗೆರೆಯ ಗುಂಟ ನೈಲಾನ್ ಸ್ಕ್ರಬ್ಬರ್ ಎಳೆದು ಸಣ್ಣ ಗೀರುಗಳನ್ನು ನೀವೇ ಮರೆಸಬಹುದು. ಗೆರೆಗಳು ಮೇಲಿಂದ ಕೆಳಕ್ಕೆ ಇರಲಿ, ಅರ್ಧ ಧೂಳನ್ನು ಮಳೆಯೇ ತೊಳೆಯುತ್ತದೆ.

ನಿಜಕ್ಕೂ ನೀವು ಮೊದಲು ಕೇಳಬೇಕಾದದ್ದು ಉಕ್ಕಿನ ಗ್ರೇಡು. 304ರಲ್ಲಿ ಸುಮಾರು 18% ಕ್ರೋಮಿಯಂ, 8% ನಿಕ್ಕಲ್ ಇರುತ್ತದೆ. ಅಗ್ಗದ 202ರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ಅಯಸ್ಕಾಂತ ಹಿಡಿದು ನೋಡಿದರೆ ಸಾಲದು, ಎರಡಕ್ಕೂ ಅದು ಹೆಚ್ಚುಕಡಿಮೆ ಅಂಟುವುದಿಲ್ಲ. ಬಿಲ್ಲಿನಲ್ಲಿ ಗ್ರೇಡ್ ಬರೆಸಿಕೊಳ್ಳಿ, ಮ್ಯಾಂಗನೀಸ್ ಪತ್ತೆಯ ಹನಿ-ಪರೀಕ್ಷೆ ಮಾಡಿಸಿ. ಸಾದಾ ಕಬ್ಬಿಣಕ್ಕೆ ಬಳಸಿದ ಗ್ರೈಂಡರ್ ಚಕ್ರ ಗೇಟಿಗೆ ತಾಗಕೂಡದು; ಅಂಟಿದ ಕಬ್ಬಿಣದ ಕಣಗಳೇ ಮೊದಲು ತುಕ್ಕಾಗುತ್ತವೆ. ಇನ್ನು ಟಾಯ್ಲೆಟ್ ಆ್ಯಸಿಡ್‌ನಿಂದ ಮಾತ್ರ ಗೇಟು ತೊಳೆಯಬೇಡಿ, ಸಾಬೂನು ನೀರು ಸಾಕು.