ಗ್ರಾಮ ಪಂಚಾಯಿತಿ ಕಚೇರಿಯ ಸರ್ವರ್: ಸ್ಥಾಪನೆ ಮತ್ತು ಸುರಕ್ಷತೆ

ಮಂಡ್ಯ, ಮದ್ದೂರು ಹಾಗೂ ಮಳವಳ್ಳಿ ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳ ತೆರಿಗೆ ಲೆಕ್ಕವು ರಾಜ್ಯದ ಪಂಚತಂತ್ರ ತಂತ್ರಾಂಶದಲ್ಲಿರುತ್ತದೆ. ಆದರೆ ಅಂದಾಜುಪಟ್ಟಿ, ಪತ್ರವ್ಯವಹಾರ, ಕಾಮಗಾರಿ ಛಾಯಾಚಿತ್ರಗಳು ಕಚೇರಿಯ ಒಂದೇ ಗಣಕಯಂತ್ರದಲ್ಲಿ ಉಳಿದಲ್ಲಿ, ಅದು ಕೆಟ್ಟ ದಿನ ಗ್ರಾಮಸ್ಥರಿಗೆ ಒದಗಿಸಬೇಕಾದ ದಾಖಲೆಯೂ ಇಲ್ಲವಾಗುತ್ತದೆ. ಇವುಗಳ ಸಂರಕ್ಷಣೆಗೆ ಸಣ್ಣ ಸರ್ವರ್ ಸಾಕು. ಮುಕ್ತ ತಂತ್ರಾಂಶವಾದ ಉಬುಂಟುವಿಗೆ ಪರವಾನಗಿ ಶುಲ್ಕವಿಲ್ಲ. ಅದರ ಎಲ್‌ಟಿಎಸ್ ಆವೃತ್ತಿಗೆ 5 ವರ್ಷ ಸುರಕ್ಷತಾ ಪರಿಷ್ಕರಣೆಗಳು ದೊರೆಯುತ್ತವೆ.

ಸ್ಥಾಪನೆಯ ನಂತರ ಈ ಕೆಳಕಂಡ ಅಂಶಗಳನ್ನು ಖಚಿತಪಡಿಸಿಕೊಳ್ಳತಕ್ಕದ್ದು:

1. ಪ್ರತಿ ಸಿಬ್ಬಂದಿಗೆ ಪ್ರತ್ಯೇಕ ಖಾತೆ ಇರಬೇಕು. ರೂಟ್ ಖಾತೆಗೆ ಹೊರಗಿನಿಂದ ನೇರ ಪ್ರವೇಶವಿರಬಾರದು.

2. ದೂರದಿಂದ ನಿರ್ವಹಿಸಲು ಪಾಸ್‌ವರ್ಡ್‌ಗೆ ಬದಲಾಗಿ ಎಸ್‌ಎಸ್‌ಎಚ್ ಕೀಲಿಯನ್ನು ಬಳಸಬೇಕು.

3. ವಿಶ್ವೇಶ್ವರಯ್ಯ ನಾಲೆಯಲ್ಲಿ ಬೇಕಾದ ತೂಬನ್ನಷ್ಟೇ ತೆರೆಯುವಂತೆ, ಫೈರ್‌ವಾಲ್‌ನಲ್ಲಿ ಅಗತ್ಯ ಪೋರ್ಟ್‌ಗಳು ಮಾತ್ರ ತೆರೆದಿರಬೇಕು.

4. ಸುರಕ್ಷತಾ ಪರಿಷ್ಕರಣೆಗಳು ತಾವಾಗಿಯೇ ಅಳವಡುವಂತಿರಬೇಕು.

5. ದತ್ತಾಂಶದ 3 ಪ್ರತಿಗಳಿದ್ದು, 1 ಪ್ರತಿ ಕಚೇರಿಯ ಹೊರಗಿರಬೇಕು. ಸರ್ವರ್‌ಗೆ ಸದಾ ಜೋಡಿಸಿಟ್ಟ ಡಿಸ್ಕನ್ನಷ್ಟೇ ನಂಬಬಾರದು. ಸುಲಿಗೆ ವೈರಸ್ ಅದನ್ನೂ ಬೀಗ ಹಾಕಬಲ್ಲದು.

ಸೈಬರ್ ದಾಳಿ ಕಂಡುಬಂದಲ್ಲಿ, 2022ರ ಏಪ್ರಿಲ್ 28ರ ನಿರ್ದೇಶನದಂತೆ 6 ಗಂಟೆಯೊಳಗೆ ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡತಕ್ಕದ್ದು.

ಮಾನ್ಯ ಸದಸ್ಯರು ಸಾಮಾನ್ಯ ಸಭೆಯಲ್ಲಿ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಬಹುದು: ಕಳೆದ ತಿಂಗಳು ಪ್ರತಿಯಿಂದ ಒಂದು ಕಡತವನ್ನಾದರೂ ಮರಳಿ ಪಡೆದು ಪರಿಶೀಲಿಸಲಾಗಿದೆಯೇ? ಹಾಗೆ ಪರಿಶೀಲಿಸದ ಪ್ರತಿಯು ಇದ್ದೂ ಇಲ್ಲದಂತೆಯೇ ಸರಿ.